ದನಿ ಕೊಟ್ಟು ಬಾ

ಸದ್ದು ಮಾಡದೆ ಓಡಾಡುವುದೂ ಒಂದು ತಪ್ಪಾಗಬಹುದು ಎಂದು ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಬೆಳೆದ ಮನೆಯಲ್ಲಿ ಸದ್ದು ಮಾಡುವುದೇ ತಪ್ಪು. ಅಪ್ಪನಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗಾದ ಮೇಲೆ ಬಂದು, ಇದ್ದ ಒಂದೇ ಕೋಣೆಯಲ್ಲಿ ಮುಸುಕು ಹಾಕಿ ಮಲಗಿದನೆಂದರೆ ಮಧ್ಯಾಹ್ನದವರೆಗೂ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದುಕೊಂಡಿರಬೇಕು. ಚಿಲಕವನ್ನು ಬೆರಳಿನಿಂದ ಒತ್ತಿ ಹಿಡಿದು ಬಾಗಿಲು ಮುಚ್ಚುವುದು, ಲೋಟದ ಕೆಳಗೆ ಕಿರುಬೆರಳು ಕೊಟ್ಟು ಮೆಲ್ಲಗೆ ಇಳಿಸುವುದು, ಸೀನು ಬಂದರೆ ದಿಂಬಿಗೆ ಮುಖ ಒತ್ತಿ ಸೀನುವುದು, ಇವೆಲ್ಲ ಅವಳು ಅಕ್ಷರಕ್ಕಿಂತ ಮೊದಲೇ ಕಲಿತ ವಿದ್ಯೆ. ಹಾಗಾಗಿ ದನದ ಡಾಕ್ಟರಿಕೆ ಓದಲು ಸಮುದ್ರ ದಾಟಿ ಹೋಗಿ, ಕಾಲೇಜಿನವರು ಗೊತ್ತುಮಾಡಿದ ಮನೆಯಲ್ಲಿ ಇಳಿದುಕೊಂಡಾಗ ತನ್ನ ಒಳ್ಳೆಯ ಗುಣವನ್ನೆಲ್ಲ ಮೊದಲ ದಿನವೇ ತೋರಿಸಿಬಿಟ್ಟಳು. ಅಂದರೆ, ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತಾಗದ ಹಾಗೆ ಇದ್ದಳು.

ಆ ಮನೆಯೋ ಗಲಾಟೆಯ ಗೂಡು. ಯಜಮಾನಿ ಊರೊಳಗೆ ಬಸ್ಸು ಓಡಿಸುವವಳು. ಹಾರ್ನು ಹೊಡೆದು ಹೊಡೆದು ಅವಳ ಮಾತಿಗೂ ಅದೇ ಧಾಟಿ ಬಂದಿತ್ತು. ಯಜಮಾನ ಲಿಫ್ಟ್ ರಿಪೇರಿ ಮಾಡುವವನು. ಅವನ ಸಲಕರಣೆಯ ಚೀಲ ಹೊಸಿಲ ಬಳಿ ದೊಪ್ಪೆಂದು ಬಿದ್ದರೆ ಅವನು ಬಂದನೆಂದು ಅರ್ಥ. ಹೈಸ್ಕೂಲಿಗೆ ಹೋಗುವ ಮಗಳು ಪುಟ್ಟಿ ಮೆಟ್ಟಿಲು ಇಳಿಯುತ್ತಿರಲಿಲ್ಲ, ಮೇಲಿಂದ ಉರುಳಿ ಬರುತ್ತಿದ್ದಳು. ಇವರೆಲ್ಲರ ಮೇಲೆ ಅಡುಗೆಮನೆಯಿಂದ ದರ್ಬಾರು ನಡೆಸುತ್ತಿದ್ದವಳು ಯಜಮಾನನ ತಾಯಿ, ಅಜ್ಜಿ. ಒಲೆಯ ಮುಂದೆ ನಿಂತುಕೊಂಡೇ ಎಲ್ಲರಿಗೂ ಉತ್ತರ ಕೊಡುವಳು, ತಿರುಗಿ ನೋಡುವುದು ಅಪರೂಪ.

ಹುಡುಗಿಗೆ ಅವರ ಭಾಷೆ ಬರುತ್ತಿತ್ತು. ಆದರೆ ಅದು ಪುಸ್ತಕದಿಂದ ಕಲಿತದ್ದು, ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಮಡಿಕೆ ಮುರಿಯದ ಭಾಷೆ. ಮೊದಲ ದಿನ ಊಟವಾದ ಮೇಲೆ ಅವಳು ಎದ್ದು ನಿಂತು, "ನಾನು ತಟ್ಟೆಗಳನ್ನು ತೊಳೆಯಬಹುದೇ?" ಎಂದು ಕೇಳಿದಾಗ ಪುಟ್ಟಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

"ಅಮ್ಮಾ, ಇವಳು ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಮಾತಾಡ್ತಾಳೆ!"

"ಸುಮ್ನಿರೇ," ಎಂದಳು ಯಜಮಾನಿ. "ನೀನೇನೂ ತೊಳೀಬೇಡ ಕಣಮ್ಮ. ದುಡ್ಡು ಕೊಟ್ಟು ಇರೋಳ ಕೈಲಿ ತಟ್ಟೆ ತೊಳೆಸಿದ್ರೆ ಕಾಲೇಜಿನೋರು ನನ್ನನ್ನ ತೊಳೀತಾರೆ. ಹೋಗಿ ಓದ್ಕೋ. ಮತ್ತೆ ನನ್ನ ಆಂಟಿ ಅನ್ನು, ಸಾಕು."

ಹುಡುಗಿ ಹೋಗಿ ಓದಿಕೊಂಡಳು. ಬೇರೆ ಏನು ಮಾಡಬೇಕೆಂದು ತಿಳಿಯದಿದ್ದಾಗಲೂ ಓದಿಕೊಂಡಳು. ಪುಟ್ಟಿಯ ಕೋಣೆಯನ್ನು ಒಂದು ಪರದೆ ಕಟ್ಟಿ ಎರಡು ಮಾಡಿದ್ದರು. ಅರ್ಧ ಕೋಣೆ ಕಳೆದುಕೊಂಡ ಸಿಟ್ಟಿಗೆ ಪುಟ್ಟಿ ಆ ಪರದೆಯನ್ನು ಗೋಡೆ ಎಂದೇ ಭಾವಿಸಿ, ಅದರಾಚೆ ಯಾರೂ ಇಲ್ಲದ ಹಾಗೆ ಫೋನಿನಲ್ಲಿ ಹರಟುತ್ತಿದ್ದಳು. ಊಟದ ಮೇಜಿನಲ್ಲಿ ಮಾತು ಚೆಂಡಿನ ಹಾಗೆ ಅತ್ತಿತ್ತ ಹಾರುವುದು. ಹುಡುಗಿ ಮನಸ್ಸಿನಲ್ಲೇ ಒಂದು ವಾಕ್ಯ ಜೋಡಿಸಿ, ತಿದ್ದಿ, ಬಾಯಿ ತೆರೆಯುವ ಹೊತ್ತಿಗೆ ಅವರು ಬೇರೆ ಯಾವುದೋ ಮಾತಿಗೆ ನಗುತ್ತಿರುತ್ತಿದ್ದರು. ತೆರೆದ ಬಾಯಿಗೆ ಒಂದು ತುಂಡು ಬ್ರೆಡ್ಡು ಇಟ್ಟುಕೊಳ್ಳುವಳು.

ಪುಟ್ಟಿಗೆ ದಿನ ಬೆಳಗಾದರೆ ಬೈಗುಳ. ಒದ್ದೆ ಟವೆಲ್ ಮಂಚದ ಮೇಲೆ ಹಾಕಿದ್ದಕ್ಕೆ, ಬಚ್ಚಲಲ್ಲಿ ಹಾಡಿದ್ದಕ್ಕೆ, ತಿಂಡಿ ಬಿಟ್ಟಿದ್ದಕ್ಕೆ. ಹುಡುಗಿ ತನ್ನ ಟವೆಲ್ಲನ್ನು ಅಂಚಿಗೆ ಅಂಚು ಸೇರಿಸಿ ಮಡಚಿಡುತ್ತ, ತನಗೂ ಯಾರಾದರೂ ಒಂದು ಸಲ ಬೈಯಬಾರದೇ ಎಂದುಕೊಳ್ಳುತ್ತಿದ್ದಳು. ಬೈಸಿಕೊಳ್ಳುವುದಕ್ಕೂ ಮನೆಯವಳಾಗಿರಬೇಕು.

ಭಾನುವಾರ ಅಮ್ಮನ ಫೋನು ಬರುವುದು. "ಹೇಗಿದ್ದಾರೆ ಆ ಮನೆಯೋರು? ಚೆನ್ನಾಗಿ ನೋಡ್ಕೋತಾರಾ?"

"ಹೂಂ ಅಮ್ಮ. ಒಂದು ಕೆಲಸ ಮುಟ್ಟೋಕೆ ಬಿಡಲ್ಲ. ತಲೆ ಮೇಲಿಟ್ಕೊಂಡು ನೋಡ್ಕೋತಾರೆ." ಹೊದಿಕೆಯೊಳಗೆ ಮುಖವಿಟ್ಟು ಪಿಸುಗುಡುತ್ತಿದ್ದಳು. ಅಮ್ಮ ಸಂತೋಷಪಟ್ಟು ಫೋನಿಡುವಳು.

ಅವಳಿಗೆ ಹೆಸರಿಟ್ಟವಳು ಅಜ್ಜಿ. ಒಂದು ಬೆಳಿಗ್ಗೆ ಹುಡುಗಿ ಹಿಂದಿನಿಂದ ಬಂದು ನೀರಿನ ಲೋಟಕ್ಕೆ ಕೈ ಚಾಚಿದಾಗ ಅಜ್ಜಿ ಹೌಹಾರಿ ಸೌಟು ಕೈಬಿಟ್ಟಳು. "ಮನೆಗೆ ಎರಡು ಕಾಲಿನ ಬೆಕ್ಕು ತಂದು ಸೇರಿಸಿದ್ದೀರಲ್ಲ! ಯಾವಾಗ ಬರುತ್ತೋ ಯಾವಾಗ ಹೋಗುತ್ತೋ!"

"ದನದ ಡಾಕ್ಟ್ರು ಓದೋಕೆ ಬಂದಿರೋ ಬೆಕ್ಕು," ಎಂದು ಯಜಮಾನ ಸೇರಿಸಿ ತನ್ನ ಮಾತಿಗೆ ತಾನೇ ನಕ್ಕ. ಅಂದಿನಿಂದ ಅವಳು ಎಲ್ಲರಿಗೂ ಬೆಕ್ಕು. ಹುಡುಗಿಗೆ ಬೇಸರವಾಗಲಿಲ್ಲ. ಹೆಸರಾದರೂ ಸಿಕ್ಕಿತಲ್ಲ ಎನಿಸಿತು.

ಒಂದು ಮಧ್ಯಾಹ್ನ ಪಾಠ ಬೇಗ ಮುಗಿದು ಮನೆಗೆ ಬಂದಳು. ಚಿಲಕ ಒತ್ತಿ ಹಿಡಿದು ಬಾಗಿಲು ಮುಚ್ಚಿ, ಶೂ ಬಿಚ್ಚಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಜ್ಜಿ ಒಬ್ಬಳೇ ಇದ್ದಳು. ಕೆಲಸದಲ್ಲಿರುವವರನ್ನು ಮಾತಾಡಿಸಬಾರದು, ತಿರುಗಿದಾಗ ನಕ್ಕರಾಯಿತು ಎಂದುಕೊಂಡಳು. ಅಜ್ಜಿ ತಿರುಗಿದಳು. ಹುಡುಗಿ ನಕ್ಕಳು. ಅಜ್ಜಿ ಅವಳ ಮುಖವನ್ನೇ ನೋಡಿ, ಬರೀ ಗೋಡೆ ನೋಡಿದವಳ ಹಾಗೆ ಮತ್ತೆ ಆ ಕಡೆ ತಿರುಗಿಕೊಂಡಳು.

ಹುಡುಗಿಗೆ ಮೈಯೆಲ್ಲ ಬಿಸಿಯಾಯಿತು. ಇಷ್ಟೊಂದು ತಾತ್ಸಾರವೇ, ನಗುವುದಕ್ಕೂ ಉತ್ತರ ಬೇಡವೇ ಎಂದು ಕಣ್ಣು ತುಂಬಿ ಬಂದವು. ಆಮೇಲೆ ಅವಳಿಗೆ ಅಜ್ಜಿಯ ಕೈಗಳು ಕಂಡವು. ಎಡಗೈ ಕಟ್ಟೆಯ ಅಂಚು ಹಿಡಿದು ಜಾರುತ್ತ ಹೋಗಿ, ಸಾಲಾಗಿಟ್ಟ ಡಬ್ಬಿಗಳ ಮುಚ್ಚಳ ಸವರುತ್ತ, ಒಂದರ ಮೇಲೆ ನಿಂತಿತು. ಮುಚ್ಚಳ ತೆಗೆದು ಮೂಸಿದಳು. ನಾಲಿಗೆಗೆ ಒಂದು ಹರಳು ಇಟ್ಟು ನೋಡಿದಳು. ಲೋಟಕ್ಕೆ ಹಾಲು ಹೊಯ್ಯುವಾಗ ತೋರುಬೆರಳನ್ನು ಲೋಟದ ಒಳಕ್ಕೆ ಇಳಿಬಿಟ್ಟು, ಬೆರಳು ಒದ್ದೆಯಾದ ಕೂಡಲೇ ನಿಲ್ಲಿಸಿದಳು. ಒಲೆಯ ಬಿರಡೆ ತಿರುಗಿಸಿ, ತಲೆ ವಾಲಿಸಿ, ಉರಿಯ ಸದ್ದು ಕೇಳಿದಳು.

ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗ, ಸೊಸೆ, ಮೊಮ್ಮಗಳು ಮೂವರೂ ಹಗಲೂ ಸಂಜೆ ಅವಳ ಸುತ್ತ ಸುತ್ತುತ್ತಿದ್ದವರು, ಒಬ್ಬರಿಗೂ ಇದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವರು ಎಂದೂ ಸುಮ್ಮನೆ ಬಂದವರಲ್ಲ. ಬಾಗಿಲು ಬಡಿಯುವುದರಲ್ಲೇ ಅಜ್ಜಿಗೆ ಯಾರು, ಎಲ್ಲಿ, ಯಾವ ಕೋಪದಲ್ಲಿ ಬಂದರು ಎಂದು ತಿಳಿಯುತ್ತಿತ್ತು.

ಹುಡುಗಿ ಹಿಂದಕ್ಕೆ ಒಂದು ಹೆಜ್ಜೆಯಿಟ್ಟಳು. ಕೈಯಲ್ಲಿದ್ದ ಶೂ ಬಾಗಿಲಿಗೆ ತಾಕಿತು.

"ಯಾರದು?" ಅಜ್ಜಿ ಗರಕ್ಕನೆ ತಿರುಗಿದಳು. "ಯಾರದು ಅಲ್ಲಿ?"

ನಾನು ಎಂದರೆ ಮುಗಿಯುತ್ತಿತ್ತು. ಆದರೆ ನೋಡಬಾರದ್ದನ್ನು ನೋಡಿದ ನಾಚಿಕೆಗೆ ಹುಡುಗಿ ಶೂವನ್ನು ಎದೆಗೆ ಅವಚಿಕೊಂಡಳು. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು, ಸೌಟನ್ನು ಎದೆಗೆ ಅಡ್ಡ ಹಿಡಿದು ನಿಂತಿದ್ದಳು. ಆ ಸೌಟು ನಡುಗುತ್ತಿತ್ತು. ಹುಡುಗಿ ಅಪ್ಪನ ನಿದ್ದೆ ಕಾಯ್ದ ಹೆಜ್ಜೆಗಳಲ್ಲೇ ಮೆಟ್ಟಿಲು ಹತ್ತಿಹೋದಳು.

ಅಂದು ಊಟದ ಹೊತ್ತಿಗೆ ಅಜ್ಜಿ ಬಡಿಸಿ ಮುಗಿಸಿ, ಕೂರದೆ ನಿಂತಳು.

"ನೋಡಿ, ಮಾತು ಕಡ್ಡಿ ಮುರಿದ ಹಾಗೆ ಹೇಳ್ತೀನಿ. ಈ ಮನೇಲಿ ಈ ಬೆಕ್ಕು ಇರಬೇಕು, ಇಲ್ಲ ನಾನಿರಬೇಕು."

"ಏನಾಯ್ತು ಅತ್ತೆ?"

"ಕದ್ದು ಓಡಾಡ್ತಾಳೆ. ಕರೆದ್ರೆ ಓ ಅನ್ನಲ್ಲ. ಯಾವತ್ತೋ ಒಂದಿನ ನನ್ನ ಎದೆ ಒಡೆದು ಸಾಯ್ತೀನಿ ಅಷ್ಟೆ."

"ಸದ್ದಿಲ್ಲದೆ ಇದ್ದಾಳೆ ಅಂತ ಯಾರಾದ್ರೂ ದೂರು ಹೇಳ್ತಾರಾ ಅತ್ತೆ? ನಾನು ಇಡೀ ದಿನ ಬಸ್ಸಲ್ಲಿ ಕಿವಿ ತೂತು ಮಾಡ್ಕೊಂಡು ಬರ್ತೀನಿ. ನಂಗೆ ಇವಳೊಬ್ಬಳೇ ಆರಾಮು."

"ಹಾಗಾದ್ರೆ ಇವಳ ಕೈಲೇ ಅಡುಗೆ ಮಾಡಿಸ್ಕೋ!"

ಅಡುಗೆಯ ಮಾತು ಬಂದ ಕೂಡಲೇ ಯಜಮಾನಿ ತಣ್ಣಗಾದಳು. ಮುಂಜಾನೆಯ ಬಸ್ಸು ಹತ್ತುವವಳಿಗೆ ಅತ್ತೆಯ ಅಡುಗೆಯಿಲ್ಲದೆ ಸಂಸಾರದ ಗಾಡಿ ಒಂದು ಮಾರು ಸಾಗುವಂತಿರಲಿಲ್ಲ. "ಈ ತಿಂಗಳು ಕಳೀಲಿ. ಕಾಲೇಜಿನೋರ ಹತ್ರ ಮಾತಾಡ್ತೀನಿ," ಎಂದಳು, ಹುಡುಗಿಯ ಕಡೆ ನೋಡದೆ.

ಮೊದಲ ವರ್ಷ ಹೊರದೇಶದವರು ಯಾವುದಾದರೂ ಮನೆಯಲ್ಲೇ ಇರಬೇಕೆಂಬುದು ಕಾಲೇಜಿನ ನಿಯಮ. ಒಂದು ಮನೆ ಬೇಡವೆಂದ ಹುಡುಗಿಯನ್ನು ಇನ್ನೊಂದು ಮನೆ ಏಕೆ ಕರೆದುಕೊಂಡೀತು? ಅಲ್ಲಿಗೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡುವುದೇ. ಅಜ್ಜಿಗೆ ಕಾಣುವುದಿಲ್ಲ, ಅದಕ್ಕೇ ನನ್ನನ್ನು ಕಂಡರೆ ಭಯ ಎಂದು ಒಂದು ಮಾತು ಹೇಳಿದ್ದರೆ ಅವಳು ಉಳಿದುಕೊಳ್ಳುತ್ತಿದ್ದಳು. ಆ ವಾಕ್ಯ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ನಡುಗುತ್ತಿದ್ದ ಸೌಟು ನೆನಪಾಗಿ ಬಾಯಿಗೆ ಬೀಗ ಬಿತ್ತು.

ಮುಂದಿನ ವಾರ ಕಾಲೇಜಿನ ಕೊಟ್ಟಿಗೆಯಲ್ಲಿ ಮೊದಲ ಪಾಠ. ಹುಡುಗಿ ತನ್ನ ಅಭ್ಯಾಸದಂತೆ ಮೆಲ್ಲಗೆ ಹೋಗಿ ಒಂದು ಹಸುವಿನ ಬೆನ್ನಿನ ಮೇಲೆ ಕೈಯಿಟ್ಟಳು. ಹಸು ಝಾಡಿಸಿ ಒದ್ದಿತು. ಒದೆತ ತಪ್ಪಿ ಬಕೆಟ್ಟಿಗೆ ಬಿತ್ತು, ಬಕೆಟ್ಟು ಹೋಗಿ ಗೋಡೆಗೆ ಬಿತ್ತು.

"ನಿನ್ನದೇ ತಪ್ಪು!" ಎಂದು ಮೇಡಂ ಕೂಗಿದರು. "ಹಿಂದಿನಿಂದ ಸುಮ್ಮನೆ ಹೋದ್ರೆ ಅದಕ್ಕೆ ನೀನು ಹುಲಿಯೋ ಮನುಷ್ಯಳೋ ಏನು ಗೊತ್ತಾಗುತ್ತೆ? ಮೊದಲು ದನಿ ಕೊಡು. ಏನಾದ್ರೂ ಹೇಳು, ನಿನ್ನ ಹೆಸರೇ ಹೇಳು. ಆಮೇಲೆ ಮುಟ್ಟು."

ಜೊತೆಯಲ್ಲಿ ಓದುವವರೆಲ್ಲ ನಕ್ಕರು. ಹುಡುಗಿ ನಗಲಿಲ್ಲ. ಒದ್ದ ಹಸುವಿನ ಕಾಲು ಇನ್ನೂ ಅದುರುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

ಅಂದು ಮನೆಗೆ ಬಂದವಳು ಬಾಗಿಲನ್ನು ಧಡಾರನೆ ಹಾಕಿದಳು. ಹುಟ್ಟಿದಾಗಿನಿಂದ ಮೊದಲ ಸಲ ಬಾಗಿಲು ಬಡಿದಿದ್ದಳು. ಎಲ್ಲೋ ದೂರದಲ್ಲಿ ಅಪ್ಪ ಎದ್ದು ಕೂತನೇನೋ ಎನ್ನುವಂತೆ ಎದೆ ಹೊಡೆದುಕೊಂಡಿತು. ಶೂ ಹಾಕಿಕೊಂಡೇ ಟಪಟಪ ನಡೆದು ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದಳು.

"ಅಜ್ಜಿ, ನಾನು ಬೆಕ್ಕು. ಬಾಗಿಲಿನ ಬಳಿ ನಿಂತಿರುವೆನು. ಈಗ ನಾನು ಎರಡು ಹೆಜ್ಜೆ ಒಳಗೆ ಬರುವೆನು."

ಅಜ್ಜಿಯ ಕೈ ಕಟ್ಟೆಯ ಮೇಲೆ ನಿಂತುಬಿಟ್ಟಿತು.

"ಅವತ್ತು ಬಂದಿದ್ದೋಳು ನೀನೇನಾ?"

"ನಾನೇ. ನನ್ನನ್ನು ಕ್ಷಮಿಸಬೇಕು."

"ಯಾರಿಗೆ ಹೇಳಿದೆ?"

"ಯಾರಿಗೂ ಹೇಳಲಿಲ್ಲ."

"ನಿನ್ನನ್ನ ಓಡಿಸ್ತೀನಿ ಅಂದಾಗಲೂ ಹೇಳಲಿಲ್ವಾ?"

"ಇಲ್ಲ."

ಅಜ್ಜಿ ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು. "ಪೆದ್ದಿ," ಎಂದಳು. "ಬಾ ಇಲ್ಲಿ. ಈ ಬೇಳೇಲಿ ಕಲ್ಲು ಇದೆಯಾ ನೋಡು. ಮತ್ತೆ, ನಿಂತಿರುವೆನು ಬರುವೆನು ಅನ್ನಬೇಡ, ಕೇಳಿದ್ರೆ ನಗು ಬರುತ್ತೆ. ನಿಂತಿದೀನಿ, ಬರ್ತೀನಿ. ಹೇಳು."

"ನಿಂತಿದೀನಿ. ಬರ್ತೀನಿ."

ಹುಡುಗಿಗೆ ಆ ಮನೆಯಲ್ಲಿ ಬಿದ್ದ ಮೊದಲ ಬೈಗುಳ ಅದು. ಪೆದ್ದಿ ಎಂಬ ಆ ಮಾತನ್ನು ಅವಳು ಮಲಗುವಾಗಲೂ ಬಾಯಲ್ಲಿ ಇಟ್ಟುಕೊಂಡಿದ್ದಳು.

ಮಾರನೆಯ ದಿನ ಅಜ್ಜಿ ಸೊಸೆಗೆ, "ಇರಲಿ ಬಿಡು, ಪಾಪದ್ದು. ಮಧ್ಯಾಹ್ನ ನಂಗೂ ಒಂದು ಜೊತೆ," ಎಂದಳು. ಸೊಸೆಗೆ ಆಶ್ಚರ್ಯವಾಯಿತು. ಹೋದ ತಲೆನೋವನ್ನು ಯಾಕೆ ಬಂದಿದ್ದೆ ಎಂದು ಯಾರೂ ಕೇಳುವುದಿಲ್ಲ, ಅವಳೂ ಕೇಳಲಿಲ್ಲ.

ಅಲ್ಲಿಂದ ಕೆಲವು ವಾರ ಹುಡುಗಿಗೆ ಮಧ್ಯಾಹ್ನಗಳು ಬಂದವು. ಕಾಲೇಜು ಬಿಟ್ಟೊಡನೆ ಬಸ್ಸು ಹಿಡಿದು ಓಡಿ ಬರುವಳು. ಆಲೂಗಡ್ಡೆಯ ಕಣ್ಣು ತೆಗೆಯುವುದು, ಸೊಪ್ಪಿನಲ್ಲಿ ಹುಳ ನೋಡುವುದು, ಡಬ್ಬಿಗಳನ್ನು ಅಜ್ಜಿಯ ಸಾಲಿಗೇ ಮತ್ತೆ ಜೋಡಿಸುವುದು. ಮನೆಯವರಿದ್ದಾಗ ಪಕ್ಕದಲ್ಲಿ ನಿಂತು, "ಅಂಕಲ್ ಲೋಟ ಖಾಲಿ ಆಯ್ತು," "ಪುಟ್ಟಿ ತಟ್ಟೆ ಈ ಕಡೆ ಇದೆ," ಎಂದು ಮಾತಿನಲ್ಲೇ ಅಜ್ಜಿಯ ಕೈಗೆ ದಾರಿ ತೋರಿಸುವುದು. ಅಜ್ಜಿ ಅವಳ ನಾಲಿಗೆಯ ಇಸ್ತ್ರಿಯನ್ನೆಲ್ಲ ಮುದುಡಿ ಹಾಕಿದಳು. ಬೈಗುಳ ಕಲಿಸಿದಳು, ಒರಟು ಮಾತು ಕಲಿಸಿದಳು.

"ಯಾಕಜ್ಜಿ ಹೇಳಲ್ಲ ಅವರಿಗೆ?" ಎಂದು ಒಮ್ಮೆ ಹುಡುಗಿ ಕೇಳಿದಳು. "ಡಾಕ್ಟರ ಹತ್ರ ಹೋಗಬಹುದು."

"ಹೋಗಿದ್ದೆ, ಒಬ್ಬಳೇ. ಈ ನರ ಒಣಗಿದ್ರೆ ಮತ್ತೆ ಚಿಗುರಲ್ಲ ಅಂದ್ರು." ಅಜ್ಜಿ ಹಿಟ್ಟು ನಾದುತ್ತಿದ್ದಳು. "ನಮ್ಮಕ್ಕಂಗೂ ಹೀಗೇ ಆಯ್ತು. ಮಕ್ಕಳು ಒಳ್ಳೆಯೋರೇ. ಒಂದು ಮೆತ್ತನೆ ಕುರ್ಚಿ ತಂದು ಕಿಟಕಿ ಹತ್ರ ಹಾಕಿ ಕೂರಿಸಿದ್ರು. ಏನೂ ಮುಟ್ಟಬೇಡಮ್ಮ, ಆರಾಮಾಗಿರು ಅಂದ್ರು. ಆರಾಮಾಗಿದ್ದೂ ಇದ್ದೂ ಹೋಗಿಬಿಟ್ಟಳು. ಕುರುಡಿ ಮುಂದೆ ಕಿಟಕಿ! ಅವರಿಗೆ ಅದೂ ಹೊಳೀಲಿಲ್ಲ."

ಒಂದು ಸಂಜೆ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ದಣಿದು ಬಂದಿದ್ದ ಯಜಮಾನಿ ಒಂದು ಗುಟುಕಿಗೇ ಬಟ್ಟಲು ತಳ್ಳಿದಳು. "ಏನತ್ತೆ ಇದು, ಬಾಯಿಗೆ ಇಡೋ ಹಾಗಿಲ್ಲ! ಇತ್ತೀಚೆಗೆ ಯಾವುದರ ಮೇಲೂ ನಿಮಗೆ ಗ್ಯಾನ ಇಲ್ಲ."

"ನಾನು ಹಾಕಿದೆ ಆಂಟಿ," ಎಂದಳು ಹುಡುಗಿ. "ಅಜ್ಜಿ ಹಾಕಿದ್ದು ಗೊತ್ತಾಗಲಿಲ್ಲ." ಅಜ್ಜಿಗೆ ಬೀಳುತ್ತಿದ್ದ ಬೈಗುಳ ಅವಳ ಕಡೆ ತಿರುಗಿತು.

ಪುಟ್ಟಿ ಪರದೆಯಾಚೆಯಿಂದ ಅಂದು ಮೊದಲ ಸಲ ಮಾತಾಡಿದಳು. "ಏಯ್ ಬೆಕ್ಕೇ, ನಿಂಗೂ ಬೈಸಿಕೊಳ್ಳೋಕೆ ಬಂತು! ಭೇಷ್." ಆಮೇಲೆ ಪರದೆ ಸ್ವಲ್ಪ ಸರಿಯಿತು. ಸದ್ದಿಲ್ಲದೆ ನಡೆಯುವುದು ಹೇಗೆಂದು ಹೇಳಿಕೊಡೆಂದು ಪುಟ್ಟಿ ಗಂಟುಬಿದ್ದಳು. ಹುಡುಗಿ ಹೇಳಿಕೊಟ್ಟಳು: ಮೊದಲು ಕಿರುಬೆರಳ ಕಡೆಯ ಅಂಚು, ಆಮೇಲೆ ಅಂಗಾಲು, ಭಾರವೆಲ್ಲ ಸೊಂಟದಲ್ಲಿ. ಇಬ್ಬರೂ ಕೋಣೆಯ ತುಂಬ ಬೆಕ್ಕಿನ ಹೆಜ್ಜೆ ಹಾಕಿ ಬಿದ್ದು ಬಿದ್ದು ನಕ್ಕರು. ಆಟಕ್ಕೆ ಒಬ್ಬಳು ಸಿಕ್ಕಳೆಂದು ಹುಡುಗಿ ಎಷ್ಟು ಹಿಗ್ಗಿದಳೆಂದರೆ, ಅಡುಗೆಮನೆಯಲ್ಲಿ ಈ ಆಟ ಬೇಡ ಎಂದು ಹೇಳುವುದನ್ನೇ ಮರೆತಳು.

ರಜೆಯ ದಿನ. ಯಜಮಾನ ಹೊರಗೆ ಸೈಕಲ್ ತೊಳೆಯುತ್ತಿದ್ದ, ಯಜಮಾನಿ ಬಟ್ಟೆ ಒಣಹಾಕುತ್ತಿದ್ದಳು. ಹುಡುಗಿ ಒಲೆಗೆ ಬೆನ್ನು ಮಾಡಿ ಮೇಜಿನಲ್ಲಿ ಕುಳಿತು ಈರುಳ್ಳಿ ಹೆಚ್ಚುತ್ತಿದ್ದಳು. ಅಜ್ಜಿ ಬೆಂದ ಆಲೂಗಡ್ಡೆಯ ಪಾತ್ರೆಯನ್ನು ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಎತ್ತಿ, ಕುದಿನೀರು ಬಸಿಯಲು ಸಿಂಕಿನ ಕಡೆ ತಿರುಗಿದಳು. ಆ ದಾರಿಯಲ್ಲಿ ಯಾರೂ ಇರಬಾರದಾಗಿತ್ತು. ಯಾವ ಸದ್ದೂ ಕೇಳಿಸಿರಲಿಲ್ಲ. ಹುಡುಗಿಯನ್ನು ಬೆಚ್ಚಿಬೀಳಿಸಲೆಂದು ಪುಟ್ಟಿ, ಕಲಿತ ವಿದ್ಯೆಯನ್ನೆಲ್ಲ ಕಾಲಿಗೆ ತಂದುಕೊಂಡು, ಬರಿಗಾಲಿನಲ್ಲಿ ಬಂದು ಅಲ್ಲೇ ನಿಂತಿದ್ದಳು. "ಮಿಯಾಂವ್" ಎನ್ನಲು ಬಾಯಿ ತೆರೆದವಳು ಕಿರುಚಿಕೊಂಡಳು.

ಯಜಮಾನಿ ಓಡಿ ಬಂದಾಗ ಪುಟ್ಟಿ ತೋಳು ಹಿಡಿದು ನೆಲದ ಮೇಲೆ ಹೊರಳುತ್ತಿದ್ದಳು. ಹುಡುಗಿ ತಣ್ಣೀರು ಹೊಯ್ಯುತ್ತಿದ್ದಳು. ಅಜ್ಜಿ ಖಾಲಿ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದಳು. ಕಾಲಬಳಿಯ ಬಿಸಿನೀರಿನಿಂದ ಸರಿಯಲು ಯಾವ ಕಡೆ ಹೋಗಬೇಕೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಕಣ್ಣು ಎಲ್ಲಿಟ್ಕೊಂಡಿದ್ದೆಯೇ?" ಎಂದು ಯಜಮಾನಿ ಮಗಳನ್ನೇ ಬೈಯುತ್ತ ಎತ್ತಿಕೊಂಡು ಓಡಿದಳು.

ಆಸ್ಪತ್ರೆಯಿಂದ ಬಂದ ಪುಟ್ಟಿಯ ಮುಂಗೈಯಿಂದ ಮೊಣಕೈವರೆಗೂ ಬ್ಯಾಂಡೇಜು. ಮೇಜಿನ ಸುತ್ತ ಎಲ್ಲರೂ ಕುಳಿತರು. ಯಾರೂ ಊಟ ಮುಟ್ಟಲಿಲ್ಲ.

"ಒಲೆ ಹತ್ರ ಆಟ ಆಡ್ತಾರಾ?" ಎಂದ ಯಜಮಾನ. "ಎಷ್ಟು ಸಲ ಹೇಳಿದೀನಿ, ಅಜ್ಜಿ ಕೆಲಸ ಮಾಡ್ತಿರುವಾಗ ಅಡ್ಡ ಹೋಗಬೇಡ ಅಂತ."

"ನಾನು ಅಡ್ಡ ಹೋಗಲಿಲ್ಲಪ್ಪ! ಎದುರಿಗೇ ನಿಂತಿದ್ದೆ. ಅಜ್ಜಿ ನನ್ನನ್ನೇ ನೋಡ್ತಿದ್ಳು. ನೋಡ್ಕೊಂಡೇ ಬಂದು ಸುರಿದಳು."

"ಏನಂದೆ?" ಯಜಮಾನಿ ಎದ್ದು ನಿಂತಳು. "ನಿನ್ನ ಎತ್ತಿ ಆಡಿಸಿದ ಅಜ್ಜಿ ಮೇಲೆ ಹೀಗೆ ಹೇಳ್ತೀಯಾ? ತಪ್ಪು ಮುಚ್ಕೊಳ್ಳೋಕೆ ಇಷ್ಟು ದೊಡ್ಡ ಸುಳ್ಳಾ?"

"ಸುಳ್ಳಲ್ಲಮ್ಮ! ಅಜ್ಜಿ, ನೀನೇ ಹೇಳು! ನೀನು ನನ್ನ ನೋಡಲಿಲ್ವಾ?"

ಹುಡುಗಿ ಕಾದಳು. ಹೇಳಿ ಅಜ್ಜಿ, ನೀವೇ ಹೇಳಿ, ಎಂದು ಮನಸ್ಸಿನೊಳಗೇ ಗೋಗರೆದಳು. ಅಜ್ಜಿಯ ಬೆರಳು ಮೇಜಿನ ಅಂಚನ್ನು ಸವರುತ್ತ ಹೋಗಿ ಹುಡುಗಿಯ ಕೈಗೆ ತಾಗಿತು, ತಾಗಿ ಒತ್ತಿತು. ಹೇಳಬೇಡ ಎಂದು ಆ ಕೈ ಬೇಡಿಕೊಳ್ಳುತ್ತಿತ್ತು. ಎದುರಿಗೆ ಪುಟ್ಟಿ ಬಿಕ್ಕುತ್ತಿದ್ದಳು. "ನಾನು ಸುಳ್ಳು ಹೇಳ್ತಿಲ್ಲ," ಎಂದು ಅವಳು ಮತ್ತೆ ಮತ್ತೆ ಹೇಳುತ್ತಿದ್ದದ್ದನ್ನು ಅಲ್ಲಿ ನಂಬಿದವಳು ಒಬ್ಬಳೇ.

"ಪುಟ್ಟಿ ಸುಳ್ಳು ಹೇಳ್ತಿಲ್ಲ ಆಂಟಿ," ಎಂದಳು ಹುಡುಗಿ. "ಅಜ್ಜಿಗೆ ಕಣ್ಣು ಕಾಣಲ್ಲ."

ಒಂದು ಸೊಟ್ಟೂ ಇಲ್ಲದ, ಆ ಊರಿನಲ್ಲೇ ಹುಟ್ಟಿದವಳ ಹಾಗಿನ ಮಾತು. ಅಜ್ಜಿಯೇ ಕಲಿಸಿದ ಮಾತು. ಅಜ್ಜಿ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ಆದದ್ದೆಲ್ಲ ಒಳ್ಳೆಯವರ ಮನೆಯಲ್ಲಿ ಆಗುವಂಥದ್ದೇ. ಯಜಮಾನ ತಾಯಿಯ ಮುಖದ ಮುಂದೆ ಕೈಯಾಡಿಸಿ ನೋಡಿ, ಕುಸಿದು ಕುಳಿತು ಅತ್ತ. ಯಜಮಾನಿ ಅಳಲಿಲ್ಲ. "ನಿಮ್ಮನ್ನ ಬೈಯೋಕಲ್ಲ ಅತ್ತೆ. ಆದ್ರೆ ಇನ್ನು ಮೇಲೆ ಒಲೆ ಹತ್ರ ಬರಬೇಡಿ," ಎಂದಳು. ಹುಡುಗಿಯನ್ನು ಬಚ್ಚಲ ಬಳಿ ನಿಲ್ಲಿಸಿಕೊಂಡು, "ನಿಂಗೆ ಗೊತ್ತಿತ್ತು. ಗೊತ್ತಾದ ದಿನಾನೇ ಹೇಳಿದ್ರೆ ನನ್ನ ಮಗಳ ಕೈ ಸುಡ್ತಿರಲಿಲ್ಲ," ಎಂದಳು. ಹುಡುಗಿ ಗಂಟುಮೂಟೆಯ ಮಾತು ಬಂದೀತೆಂದು ತಲೆ ತಗ್ಗಿಸಿ ನಿಂತಳು. ಯಜಮಾನಿ ಉಸಿರೆಳೆದುಕೊಂಡಳು. "ಇರು. ಮಧ್ಯಾಹ್ನ ಅತ್ತೆ ಜೊತೆ ಯಾರಾದ್ರೂ ಬೇಕು. ಅಡುಗೆಮನೆಗೆ ಹೋಗದ ಹಾಗೆ ನೋಡ್ಕೋ."

ಯಜಮಾನ ಒಲೆಯ ಬಿರಡೆಗಳನ್ನು ಕಳಚಿ ತನ್ನ ಚೀಲದಲ್ಲಿ ಇಟ್ಟುಕೊಂಡ. ಮರುದಿನ ಮರೆತು ಚೀಲದೊಡನೆ ಕೆಲಸಕ್ಕೂ ಹೋದ. ಅವನು ಬರುವವರೆಗೂ ಮನೆಯಲ್ಲಿ ಒಂದು ಲೋಟ ಚಹಾ ಕಾಯಿಸುವ ಹಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಪೇಚಾಟ ನೆನೆದು ವರ್ಷವಿಡೀ ನಗುತ್ತಿದ್ದರು. ಆ ದಿನ ಸುಮ್ಮನೆ ತಣ್ಣನೆಯ ಬ್ರೆಡ್ಡು ತಿಂದರು. ವಾರದ ಕೊನೆಗೆ ಮೆತ್ತನೆಯ ಕುರ್ಚಿಯೊಂದು ಬಂತು. ಅದನ್ನು ಎಲ್ಲಿ ಹಾಕಬೇಕೆಂದು ಯಾರೂ ಚರ್ಚೆ ಮಾಡಲಿಲ್ಲ. ಕಿಟಕಿಯ ಬಳಿ ಜಾಗವಿತ್ತು, ಹಾಕಿದರು.

ಹುಡುಗಿ ದಿನವೂ ಬಾಗಿಲು ಬಡಿದು, ಶೂ ಟಪಟಪಿಸಿ ಬಂದು, "ಅಜ್ಜಿ, ನಾನು ಬೆಕ್ಕು. ಕಾಲೇಜಿಂದ ಬಂದೆ," ಎನ್ನುವಳು. ಊಟ ತಂದಿಟ್ಟರೆ ಅಜ್ಜಿ ತಿನ್ನುವಳು, ಮಾತಾಡಿಸಿದರೆ ಮುಖ ಆ ಕಡೆ. ಒಂದು ದಿನ ಮಾತ್ರ ಅಜ್ಜಿ ಬಾಯಿ ಬಿಟ್ಟಳು.

"ಆ ಸದ್ದು ಮಾಡಬೇಡ."

"ಅಜ್ಜಿ?"

"ಮೊದಲು ಹೇಗೆ ನಡೀತಿದ್ಯೋ ಹಾಗೇ ನಡಿ. ನೀನು ಬಂದಿದ್ದು, ಹೋಗಿದ್ದು ನಂಗೆ ಗೊತ್ತಾಗೋದು ಬೇಡ."

ಹುಡುಗಿ ಅಲ್ಲೇ ಬಗ್ಗಿ ಶೂ ಬಿಚ್ಚಿದಳು. ಅಂದಿನಿಂದ ಮತ್ತೆ ಚಿಲಕವನ್ನು ಬೆರಳಿನಿಂದ ಒತ್ತಿ ಹಿಡಿದು ಬಾಗಿಲು ಮುಚ್ಚಿದಳು. ಪುಟ್ಟಿ ಪರದೆಯನ್ನು ಪೂರ್ತಿ ಎಳೆದುಕೊಂಡಿದ್ದಳು. ಕೈ ನೋವೆಂದು ಹೇಳಿದಳು, ನೋವೂ ಇತ್ತು. ಭಾನುವಾರ ಅಮ್ಮ, "ಈಗಲೂ ಏನೂ ಕೆಲಸ ಮುಟ್ಟಿಸಲ್ವಾ?" ಎಂದು ಕೇಳಿದಾಗ, "ಮಾಡ್ತೀನಮ್ಮ. ಅಡುಗೆ ನಾನೇ ಮಾಡ್ತೀನಿ," ಎಂದಳು. ಅಮ್ಮನಿಗೆ ಇನ್ನೂ ಸಂತೋಷವಾಯಿತು. ಫೋನಿಟ್ಟ ಮೇಲೆ ಹುಡುಗಿ ದಿಂಬಿಗೆ ಮುಖ ಒತ್ತಿದಳು. ಸೀನಿಗೆ ಕಲಿತದ್ದು ಅಳುವಿಗೂ ಬಂತು.

ಚಳಿ ಮುಗಿಯುವ ಹೊತ್ತಿಗೆ ಪುಟ್ಟಿಯ ಬ್ಯಾಂಡೇಜು ಬಿಚ್ಚಿದರು. ಅಂದು ಊಟಕ್ಕೆ ಕುಳಿತಾಗ ಅಜ್ಜಿ ಎಲ್ಲರನ್ನೂ ಕೇಳಿದಳು, ಮಗುವಿನ ಕೈ ಹೇಗಿದೆ ಎಂದು.

"ಏನಿಲ್ಲಮ್ಮ, ಹೋಗೇಬಿಟ್ಟಿದೆ," ಎಂದ ಮಗ.

"ಗುರುತೇ ಸಿಗಲ್ಲ ಅತ್ತೆ," ಎಂದಳು ಸೊಸೆ.

"ಹೂಂ ಅಜ್ಜಿ," ಎಂದ ಪುಟ್ಟಿ ಮೇಜಿನ ಕೆಳಗೆ ತೋಳು ಎಳೆದುಕೊಂಡಳು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ. ಹುಡುಗಿ ಒಣಗಿದ ಬಟ್ಟೆಯ ರಾಶಿ ಹಿಡಿದು, ಕಾಲುಚೀಲದಲ್ಲಿ, ಕುರ್ಚಿಯ ಹಿಂದಿನಿಂದ ದಾಟುತ್ತಿದ್ದಳು. ಬಿಸಿಲು ಅಜ್ಜಿಯ ಮುಖದ ಮೇಲೆ ಬಿದ್ದಿತ್ತು, ಅಜ್ಜಿ ರೆಪ್ಪೆ ಮುಚ್ಚಿರಲಿಲ್ಲ.

"ಯಾರದು?"

ಹುಡುಗಿ ನಿಂತಳು. ಸದ್ದು ಮಾಡಬೇಡವೆಂದು ಅಪ್ಪಣೆಯಾಗಿತ್ತು. ಆದರೆ ಈ ಪ್ರಶ್ನೆಗೆ ಒಮ್ಮೆ ಸುಮ್ಮನಿದ್ದು ಅವಳು ಕಂಡಾಗಿತ್ತು.

"ನಾನು ಅಜ್ಜಿ. ಬೆಕ್ಕು."

"ಗೊತ್ತು. ಹತ್ತಿರ ಬಾ." ಅಜ್ಜಿ ಕುರ್ಚಿಯ ಕೈ ಸವರಿದಳು. "ಅವರ್ಯಾರೂ ನಂಗೆ ನಿಜ ಹೇಳಲ್ಲ. ಇನ್ನು ಮೇಲೆ ಹೇಳೋದೂ ಇಲ್ಲ. ನೀನು ಹೇಳ್ತೀಯ. ಮಗು ಕೈ ಮೇಲೆ ಕಲೆ ಉಳಿದಿದೆಯಾ?"

"ಉಳಿದಿದೆ ಅಜ್ಜಿ."

"ಎಷ್ಟು?"

ಹುಡುಗಿ ಬಟ್ಟೆಯ ರಾಶಿಯನ್ನು ನೆಲದ ಮೇಲಿಟ್ಟಳು. ಅಜ್ಜಿಯ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದಳು. ಮಣಿಕಟ್ಟಿನ ಬಳಿ ತನ್ನ ಬೆರಳಿಟ್ಟು, ಸುಕ್ಕುಗಟ್ಟಿದ ಆ ಚರ್ಮದ ಮೇಲೆ ಮೆಲ್ಲಗೆ ಎಳೆಯುತ್ತ ಹೋದಳು. ನಡುವೆ ಅಗಲವಾಗಿ ಹರಡಿದ ಕಡೆ ಅಂಗೈ ಬಿಡಿಸಿ ಇಟ್ಟಳು, ಮತ್ತೆ ಬೆರಳಿಗೆ ಇಳಿಸಿ, ಮೊಣಕೈಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿದಳು.

"ಇಲ್ಲಿವರೆಗೆ," ಎಂದಳು.

ಅಜ್ಜಿ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತಿತ್ತು.

"ಇನ್ನೊಂದು ಸಲ ತೋರಿಸು," ಎಂದಳು.